13 ಕಿಲೋಮೀಟರ್‌ನ ವಿಮಾನ ನಿಂತಿದ್ದು ಯಾಕೆ? ರ್ಯೂಕ್ಯೂ ಏರ್ ಕಮ್ಯೂಟರ್ ಮತ್ತು ದಾಯ್ತೊ ದ್ವೀಪಗಳ ಪ್ರಕರಣ

ಜಪಾನಿನ ಅತಿ ಚಿಕ್ಕ ವಿಮಾನ ಮಾರ್ಗ 2024ರ ಜುಲೈ ಕೊನೆಗೆ ನಿಂತುಹೋಯಿತು. ಮಿನಾಮಿದಾಯ್ತೊದಿಂದ ಕಿತಾದಾಯ್ತೊಗೆ, ಅಂದರೆ ದಕ್ಷಿಣ ದಾಯ್ತೊ ದ್ವೀಪದಿಂದ ಉತ್ತರ ದಾಯ್ತೊ ದ್ವೀಪಕ್ಕೆ, ಬರೀ 13 ಕಿಲೋಮೀಟರ್. ಅಷ್ಟು ದೂರಕ್ಕೆ 50 ಸೀಟಿನ ವಿಮಾನ. ಏರಿತು ಅನ್ನುವಷ್ಟರಲ್ಲಿ ಇಳಿಯೋ ಹೊತ್ತು. ಬೆಲ್ಟ್ ಬಿಚ್ಚೋ ಮಾತೇ ಇಲ್ಲ. ಇದರಲ್ಲಿ ಒಂದು ಸಲ ಕೂತು ಬರೋದಕ್ಕೆ ಅಂತಲೇ ವಿಮಾನದ ಹುಚ್ಚಿರುವ ಜನ ಎಲ್ಲೆಲ್ಲಿಂದಲೋ ಬರುತ್ತಿದ್ದರು. ನಿಲ್ಲುತ್ತೆ ಅಂತ ಸುದ್ದಿ ಬಂದಾಗ ಅವರಿಗೆಲ್ಲ ಬೇಜಾರಾಗಿದ್ದು ಸಹಜ.

ನನಗೆ ಅನಿಸೋದು ಬೇರೆ. ಕಂಪನಿ ಮಾಡಿದ್ದು ಹೆಚ್ಚುಕಡಿಮೆ ಸರಿಯಾಗಿಯೇ ಇದೆ. ಯಾಕೆ ಅಂತ ಹೇಳಬೇಕಾದರೆ ಆ ದ್ವೀಪ, ಆ ವಿಮಾನ, ಆ ಕಂಪನಿಯ ಒಡೆತನ ಮೂರನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಹಾಗೆ ನೋಡಿದ ಮೇಲೂ ಒಂದು ಎಳೆ ಸಡಿಲವಾಗೇ ಉಳಿಯುತ್ತೆ, ಅದನ್ನೂ ಹೇಳ್ತೀನಿ.

ಮೊದಲು ಜಾಗ. ಜಪಾನಿನ ದಕ್ಷಿಣ ತುದಿಯ ದ್ವೀಪ ಪ್ರಾಂತ್ಯ ಒಕಿನಾವಾ, ಅದರ ಮುಖ್ಯ ಊರು ನಾಹಾ. ಅಲ್ಲಿಂದ ಪೂರ್ವಕ್ಕೆ ಸುಮಾರು 360 ಕಿಲೋಮೀಟರ್ ಪೆಸಿಫಿಕ್ ಸಮುದ್ರ ದಾಟಿದರೆ ದಾಯ್ತೊ ದ್ವೀಪಗಳು ಸಿಗುತ್ತವೆ. ನಡುವೆ ಬೇರೇನೂ ಇಲ್ಲ, ನೀರು ಮಾತ್ರ. ದಕ್ಷಿಣ ದಾಯ್ತೊ ಸುಮಾರು 30 ಚದರ ಕಿಲೋಮೀಟರ್, ಜನ ಸಾವಿರದ ಇನ್ನೂರರ ಆಸುಪಾಸು. ಉತ್ತರ ದಾಯ್ತೊ ಅದರ ಅರ್ಧಕ್ಕಿಂತ ಚಿಕ್ಕದು, ಜನವೂ ಅದರ ಅರ್ಧದಷ್ಟೇ. 1900ಕ್ಕೆ ಮೊದಲು ಇಲ್ಲಿ ಯಾರೂ ಇರಲಿಲ್ಲ. ಆ ವರ್ಷ ಟೋಕಿಯೊ ದಕ್ಷಿಣದ ಹಾಚಿಜೊ ದ್ವೀಪದಿಂದ ತಮಾಓಕಿ ಹಾನ್‌ಎಮೊನ್ ಅನ್ನುವವರು ಕಳಿಸಿದ ತಂಡ ಬಂದು ದಕ್ಷಿಣ ದಾಯ್ತೊದಲ್ಲಿ ಕಾಡು ಕಡಿದು ಕಬ್ಬು ಹಾಕಿತು. ಇವತ್ತಿಗೂ ಅಲ್ಲಿ ಕಬ್ಬೇ ಜೀವಾಳ. ಕಬ್ಬು ಸಾಗಿಸೋಕೆ ಪುಟ್ಟ ರೈಲೂ ಇತ್ತು, 1983ರವರೆಗೂ ಓಡಿತು.

ಈ ದ್ವೀಪಗಳ ತೊಂದರೆ ದೂರ ಒಂದೇ ಅಲ್ಲ, ದಡ. ಇವು ಸಮುದ್ರದಿಂದ ಮೇಲೆದ್ದು ಬಂದ ಹವಳದ ದಿಬ್ಬಗಳು. ಮರಳಿನ ಬೀಚ್ ಇಲ್ಲ, ಸುತ್ತ ಕಡಿದಾದ ಬಂಡೆ, ಬಂಡೆಯ ಬುಡದಲ್ಲೇ ಆಳ ನೀರು, ಅದರ ಮೇಲೆ ತೆರೆದ ಸಮುದ್ರದ ಅಲೆ. ಹಡಗು ಬಂದರೂ ದಡಕ್ಕೆ ಒರಗಿ ನಿಲ್ಲೋಕಾಗಲ್ಲ. ಸ್ವಲ್ಪ ದೂರದಲ್ಲೇ ಹಗ್ಗ ಬಿಗಿದು ನಿಲ್ಲಿಸುತ್ತಾರೆ. ಮೇಲಿನಿಂದ ಕ್ರೇನು ಒಂದು ಕಬ್ಬಿಣದ ಪಂಜರ ಇಳಿಸುತ್ತೆ. ಅಕ್ಕಿ ಮೂಟೆ, ಟ್ರ್ಯಾಕ್ಟರ್, ಕಾರು ಹೇಗೆ ಮೇಲೇರುತ್ತವೋ ಮನುಷ್ಯರೂ ಹಾಗೇ. ಪಂಜರದೊಳಗೆ ನಿಂತು ಕಂಬಿ ಹಿಡಿದುಕೊಳ್ಳಬೇಕು. ಕೆಳಗೆ ಅಲೆ, ಪಕ್ಕದಲ್ಲಿ ತೂಗಾಡೋ ಹಡಗು, ಕ್ರೇನ್ ಎತ್ತಿ ಬಂಡೆ ಮೇಲಿಟ್ಟರೆ ಊರು ಬಂತು ಅಂತ ಅರ್ಥ. ನಾಹಾದಿಂದ ಇಲ್ಲಿಗೆ ಹಡಗಿನಲ್ಲಿ ಒಂದು ಇಡೀ ರಾತ್ರಿ ಹಿಡಿಯುತ್ತೆ. ತಿಂಗಳಿಗೆ ಕೆಲವೇ ಸಲ ಬರುತ್ತೆ. ಸಮುದ್ರ ಕೆಟ್ಟರೆ ಅದೂ ಇಲ್ಲ, ಮತ್ತು ಅಲ್ಲಿ ಸಮುದ್ರ ಕೆಡೋದು ಜಾಸ್ತಿ. ಚಂಡಮಾರುತದ ಸುದ್ದಿಯಲ್ಲಿ ದಕ್ಷಿಣ ದಾಯ್ತೊ ಹೆಸರು ಜಪಾನಿನ ಜನರಿಗೆಲ್ಲ ಬಾಯಿಪಾಠ.

ಇಂಥ ಕಡೆ ವಿಮಾನ ಅನ್ನೋದು ಶೋಕಿ ಅಲ್ಲ ಅಲ್ವಾ. ದ್ವೀಪದಲ್ಲಿ ಹೈಸ್ಕೂಲ್ ಇಲ್ಲ, ಹದಿನೈದು ವರ್ಷಕ್ಕೆ ಮಕ್ಕಳು ನಾಹಾ ಕಡೆ ಹೊರಡಲೇಬೇಕು. ಹೆರಿಗೆ ಆಸ್ಪತ್ರೆಯೂ ಇಲ್ಲ. ಬಸುರಿ ಹೆಣ್ಣುಮಕ್ಕಳು ದಿನ ತುಂಬೋ ಮೊದಲೇ ಹೋಗಿ ಅಲ್ಲಿ ಉಳಿಯಬೇಕು. ತೀರಾ ತುರ್ತಾದರೆ ಜಪಾನಿನ ಆತ್ಮರಕ್ಷಣಾ ಪಡೆಯ ಹೆಲಿಕಾಪ್ಟರ್ ಬರುತ್ತೆ. ಉಳಿದ ಕಣ್ಣು, ಹಲ್ಲು, ಬ್ಯಾಂಕು, ಕೋರ್ಟು, ಮದುವೆ, ಸಾವು ಎಲ್ಲದಕ್ಕೂ ವಿಮಾನವೇ ಗತಿ.

ಈಗ ಕಂಪನಿ. ರ್ಯೂಕ್ಯೂ ಏರ್ ಕಮ್ಯೂಟರ್ ಶುರುವಾಗಿದ್ದು 1985ರ ಕೊನೆಗೆ. ಒಡೆತನ ಮೂರು ತಲೆಮಾರಿನ ಮನೆ ಇದ್ದಂಗೆ: ಜಪಾನ್ ಏರ್‌ಲೈನ್ಸ್ ಅಜ್ಜ, ಅದರ ಕೈಕೆಳಗಿನ ಜಪಾನ್ ಟ್ರಾನ್ಸ್‌ಓಶನ್ ಏರ್ ಅಪ್ಪ, ಇದು ಮೊಮ್ಮಗ. ಟ್ರಾನ್ಸ್‌ಓಶನ್ ಕೂಡ ಒಕಿನಾವಾದ್ದೇ. 1967ರಲ್ಲಿ, ಅಂದರೆ ಒಕಿನಾವಾ ಇನ್ನೂ ಅಮೆರಿಕದ ಕೈಯಲ್ಲಿದ್ದಾಗ, ಬೇರೆ ಹೆಸರಿನಲ್ಲಿ ಹುಟ್ಟಿದ್ದು. ಆ ನೆಲ ಜಪಾನಿಗೆ ವಾಪಸ್ ಬಂದದ್ದು 1972ರಲ್ಲಿ. ರ್ಯೂಕ್ಯೂ ಕಂಪನಿಯಲ್ಲಿ ಟ್ರಾನ್ಸ್‌ಓಶನ್‌ನದ್ದು ಸುಮಾರು ಮುಕ್ಕಾಲು ಪಾಲು. ಮಿಕ್ಕಿದ್ದರಲ್ಲಿ ಒಕಿನಾವಾ ಪ್ರಾಂತ್ಯ ಸರ್ಕಾರ ಮತ್ತು ದ್ವೀಪಗಳ ಸ್ಥಳೀಯ ಆಡಳಿತಗಳ ಪಾಲೂ ಇದೆ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕೆಲಸ ಹಂಚಿಕೆ ಸರಳ. ಜೆಟ್ ತುಂಬೋ ದೊಡ್ಡ ಮಾರ್ಗಗಳು ಅಪ್ಪನಿಗೆ. ಜೆಟ್ ಇಳಿಯೋಕಾಗದ, ಇಳಿದರೂ ತುಂಬದ ಕಡೆಗಳು ಮೊಮ್ಮಗನಿಗೆ: ಕುಮೆಜಿಮಾ, ಯೊನಾಗುನಿ, ತರಾಮಾ, ಯೊರೊನ್, ಈ ದಾಯ್ತೊಗಳು. ಮಿಯಾಕೊ, ಇಶಿಗಾಕಿಯಂಥ ಪ್ರವಾಸಿ ದ್ವೀಪಗಳಿಗೆ ಬೇರೆ ಕಂಪನಿಗಳೂ ಪೈಪೋಟಿಗೆ ಬಿದ್ದು ಹಾರುತ್ತವೆ. ದಾಯ್ತೊಗೆ ಬರೋರು ಇವರೊಬ್ಬರೇ.

ಅಂಗಸಂಸ್ಥೆ ಆಗಿರೋದರಿಂದ ಏನು ಲಾಭ ಅಂತ ಕೇಳಬಹುದು. ಟಿಕೆಟ್ ಮಾರೋದು, ಬುಕಿಂಗ್ ಸಾಫ್ಟ್‌ವೇರು, ಪೈಲಟ್ ತರಬೇತಿ, ಸುರಕ್ಷತೆಯ ವ್ಯವಸ್ಥೆ, ವಿಮಾನ ಕೊಳ್ಳುವಾಗಿನ ಚೌಕಾಸಿ, ಇದೆಲ್ಲ ಬೆರಳೆಣಿಕೆ ವಿಮಾನದ ಕಂಪನಿ ಒಂದೇ ಮಾಡಿಕೊಳ್ಳೋಕೆ ಹೋದರೆ ಟಿಕೆಟ್ ಬೆಲೆ ಎಲ್ಲಿಗೋ ಹೋಗುತ್ತೆ. ಜಪಾನ್ ಏರ್‌ಲೈನ್ಸ್ ಹೆಸರಿನಲ್ಲೇ ಟಿಕೆಟ್ ಸಿಗೋದರಿಂದ ಟೋಕಿಯೊದಿಂದ ದಾಯ್ತೊಗೆ ಒಂದೇ ಬುಕಿಂಗಲ್ಲಿ ಬರಬಹುದು. ಅಪಾಯವೂ ಅಲ್ಲೇ ಇದೆ. 2010ರ ಜನವರಿಯಲ್ಲಿ ಅಜ್ಜನೇ ದಿವಾಳಿ ಅರ್ಜಿ ಹಾಕಿದ. ಅವತ್ತು ಇಂಥ ಸಣ್ಣ ಮಾರ್ಗಗಳನ್ನು ಒಂದೇ ಏಟಿಗೆ ಕೈಬಿಟ್ಟಿದ್ದರೂ ಆಶ್ಚರ್ಯ ಇರಲಿಲ್ಲ. ಹಾಗಾಗಲಿಲ್ಲ. ದಾಯ್ತೊಗೆ ವಿಮಾನ ಬರ್ತಾನೇ ಇತ್ತು.

ಹಾಗಂತ ಈ ಕಂಪನಿ ಧರ್ಮಛತ್ರ ಅಂದುಕೊಳ್ಳಬೇಡಿ. ಬಿಟ್ಟು ಹೋಗಿರೋ ದ್ವೀಪಗಳೂ ಇವೆ. ಹತೆರುಮಾ ಮತ್ತು ಅಗುನಿಯಲ್ಲಿ ರನ್‌ವೇ ಬರೀ 800 ಮೀಟರ್. ಅಲ್ಲಿಗೆ ಒಂಬತ್ತು ಜನ ಕೂರುವ ಐಲ್ಯಾಂಡರ್ ವಿಮಾನ ಹಾರಿಸುತ್ತಿದ್ದರು. ಆ ಪುಟ್ಟ ವಿಮಾನ ಹಳೆಯದಾಯಿತು, ಅದರ ಬದಲು ಅಷ್ಟೇ ಪುಟ್ಟದು ಇನ್ನೊಂದು ಕೊಳ್ಳೋಕೆ ಲೆಕ್ಕ ಕೂಡಿಬರಲಿಲ್ಲ. ಹತೆರುಮಾಗೆ 2007ರಲ್ಲಿ ನಿಲ್ಲಿಸಿದರು, ಅಗುನಿಗೆ 2009ರಲ್ಲಿ. ಅಗುನಿಗೆ ಬೇರೊಂದು ಸಣ್ಣ ಕಂಪನಿ ಹಾರಿಸೋಕೆ ಶುರುಮಾಡಿತು. 2015ರ ಆಗಸ್ಟ್‌ನಲ್ಲಿ ಅದರ ಟ್ವಿನ್ ಆಟರ್ ವಿಮಾನ ಇಳಿಯುವಾಗ ರನ್‌ವೇ ಬಿಟ್ಟು ಆಚೆ ಹೋಯಿತು, ಕೆಲವರಿಗೆ ಗಾಯವಾಯಿತು, ಮಾರ್ಗ ಮತ್ತೆ ನಿಂತಿತು. ಆ ಎರಡು ದ್ವೀಪಕ್ಕೂ ದೋಣಿ ಇದೆ ಅನ್ನೋದು ಒಂದು ಸಮಾಧಾನ. ಬೇರೆ ದೊಡ್ಡ ದ್ವೀಪ ಹತ್ತಿರದಲ್ಲೇ ಇದೆ.

ದಾಯ್ತೊ ಬಚಾವಾಗಿದ್ದು ರನ್‌ವೇಯಿಂದ. ಇಲ್ಲೂ ಮೊದಲು 800 ಮೀಟರ್ರೇ, 19 ಸೀಟಿನ ಟ್ವಿನ್ ಆಟರ್ ಬರುತ್ತಿತ್ತು. 1997ರಲ್ಲಿ ದಕ್ಷಿಣ ದಾಯ್ತೊಗೆ 1,500 ಮೀಟರ್‌ನ ಹೊಸ ವಿಮಾನ ನಿಲ್ದಾಣ ಬಂತು. ಉತ್ತರದ್ದೂ ಈಗ ಅಷ್ಟೇ ಉದ್ದ. ಹೆಚ್ಚಾದ ಆ 700 ಮೀಟರ್‌ನಿಂದ 39 ಸೀಟಿನ ಡ್ಯಾಶ್-8 ಬರೋಕೆ ದಾರಿಯಾಯಿತು. ಹಳೇ ನಿಲ್ದಾಣದ ಕಟ್ಟಡ ಖಾಲಿ ಬಿದ್ದಿತ್ತು, ಅಲ್ಲಿ ಈಗ ದ್ವೀಪದ್ದೇ ಕಬ್ಬಿನಿಂದ ರಮ್ ತಯಾರಾಗುತ್ತೆ. ಚೆಕ್-ಇನ್ ಮಾಡ್ತಿದ್ದ ಕಟ್ಟಡದಲ್ಲಿ ಈಗ ರಮ್ ಭಟ್ಟಿ. ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಹೇಳದೇ ಇರೋಕಾಗಲಿಲ್ಲ.

ಇನ್ನು ವಿಮಾನದ ವಿಷಯ. ನನ್ನ ಪ್ರಕಾರ ಈ ಪ್ರಕರಣದಲ್ಲಿ ಜಾಣತನ ಇರೋದೇ ಇಲ್ಲಿ. ಹಳೇ ಡ್ಯಾಶ್-8ಗಳನ್ನು ಬದಲಿಸೋ ಸಮಯ ಬಂದಾಗ ಅವರು ಅದೇ ಮನೆತನದ ದೊಡ್ಡ ಮಾದರಿ, ಕ್ಯೂ-400 ಆರಿಸಿದರು. ಅದರಲ್ಲಿ ಸಾಮಾನ್ಯವಾಗಿ ಎಪ್ಪತ್ತಕ್ಕೂ ಹೆಚ್ಚು ಸೀಟು ಕೂರಿಸಬಹುದು. ಇವರು 50ಕ್ಕೇ ನಿಲ್ಲಿಸಿದರು. ಹಿಂದಿನ ಭಾಗದ ಸೀಟುಗಳನ್ನೆಲ್ಲ ತೆಗೆಸಿ, ಅಡ್ಡಗೋಡೆ ಹಾಕಿಸಿ, ಸರಕಿಗೆ ದೊಡ್ಡ ಕೋಣೆ ಮಾಡಿಸಿಕೊಂಡರು. ಸುಮಾರು 3.7 ಟನ್‌ವರೆಗೆ ಸರಕು ಹಿಡಿಸುತ್ತೆ. ಹೀಗೆ ಜನ ಮತ್ತು ಸರಕು ಎರಡಕ್ಕೂ ಅಂತ ಮಾಡಿದ ಕ್ಯೂ-400 ಅನ್ನು ಜಗತ್ತಿನಲ್ಲಿ ಮೊದಲು ಕೊಂಡವರು ಇವರೇ. 2016ರಲ್ಲಿ ಹಾರಾಟ ಶುರು.

ಬೇರೆ ಯಾವುದೇ ವಿಮಾನ ಕಂಪನಿಯಲ್ಲಿ ಯಾರಾದರೂ ಎದ್ದು ನಿಂತು 'ಸೀಟು ಕಡಿಮೆ ಮಾಡೋಣ' ಅಂದಿದ್ದರೆ ಕೂರಿಸಿಬಿಡುತ್ತಿದ್ದರು. ಎಲ್ಲರೂ ಮೊಣಕಾಲು ತಾಗುವಷ್ಟು ಇಕ್ಕಟ್ಟು ಮಾಡಿ ಇನ್ನೊಂದು ಸಾಲು ತುರುಕೋ ಕಾಲ ಇದು. ಆದರೆ ದ್ವೀಪದ ಲೆಕ್ಕ ಬೇರೆ. ಸಾವಿರ ಜನ ಇರೋ ಊರಿಗೆ ದಿನಾ ಎಪ್ಪತ್ತು ಸೀಟು ತುಂಬಲ್ಲ. ಸರಕು ಮಾತ್ರ ತುಂಬುತ್ತೆ: ಟಪಾಲು, ಪಾರ್ಸೆಲ್ಲು, ಔಷಧಿ, ಹಸಿ ತರಕಾರಿ, ನಾಹಾದ ದಿನಪತ್ರಿಕೆ. ವಾಪಸ್ ಬರುವಾಗ ಮೀನು. ಹಡಗು ತಪ್ಪಿದ ವಾರಗಳಲ್ಲಿ ಅಂಗಡಿಯ ಹಾಲು, ಸೊಪ್ಪು ಈ ಹಿಂದಿನ ಕೋಣೆಯಲ್ಲೇ ಬರಬೇಕು. ಇದೇ ವಿಮಾನ ಮಿಯಾಕೊ ಕಡೆ ಹೋದರೆ ಅಲ್ಲಿನ ಮಾವಿನಹಣ್ಣಿಗೂ ಜಾಗ ಆಗುತ್ತೆ. ಜೊತೆಗೆ ವೇಗ. ಹಳೇ ಡ್ಯಾಶ್-8 ಗಂಟೆಗೆ ಸುಮಾರು 500 ಕಿಲೋಮೀಟರ್ ಹೋಗುತ್ತಿದ್ದರೆ ಇದು 650ರ ಹತ್ತಿರ. ಪೂರ್ತಿ ಭಾರದಲ್ಲಿ ಏರೋಕೆ ಇದಕ್ಕೆ 1,400 ಮೀಟರ್ ಆಸುಪಾಸು ಬೇಕು. 1,500ರ ರನ್‌ವೇಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಕೊಳ್ಳೋ ದುಡ್ಡಿಗೆ ಸರ್ಕಾರದ ನೆರವೂ ಸಿಕ್ಕಿತು. ಅದಿಲ್ಲದೇ ಇದು ಆಗುತ್ತಿರಲಿಲ್ಲ.

ಈಗ ನಿಂತುಹೋದ ಆ ಮಾರ್ಗಕ್ಕೆ ಬರೋಣ. 13 ಕಿಲೋಮೀಟರ್‌ನ ಆ ಹಾರಾಟ ಸುಮ್ನೆ ಒಂದು ಬಸ್ ಥರ ಆಚೆ ಈಚೆ ಓಡಾಡ್ತಿದ್ದದ್ದಲ್ಲ. ನಾಹಾದಿಂದ ಹೊರಟ ವಿಮಾನ ಒಂದು ದ್ವೀಪದಲ್ಲಿ ಇಳಿದು, ಪಕ್ಕದ ದ್ವೀಪಕ್ಕೆ ಹಾರಿ, ಅಲ್ಲಿಂದ ನಾಹಾಗೆ ವಾಪಸ್ಸಾಗುತ್ತಿತ್ತು. ವಾರದಲ್ಲಿ ಕೆಲವು ದಿನ ದಕ್ಷಿಣ ಮೊದಲು, ಕೆಲವು ದಿನ ಉತ್ತರ ಮೊದಲು. ದಕ್ಷಿಣಕ್ಕೆ ಇದಲ್ಲದೆ ನೇರ ವಿಮಾನವೂ ಇತ್ತು. ಉತ್ತರದವರಿಗೆ ಈ ತ್ರಿಕೋನವೇ ಎಲ್ಲ.

ಉತ್ತರ ದಾಯ್ತೊದ ಒಬ್ಬ ಅಜ್ಜಿ ನಾಹಾಗೆ ಕಣ್ಣು ತೋರಿಸೋಕೆ ಹೋಗಬೇಕು ಅಂದುಕೊಳ್ಳಿ. ಉತ್ತರ ಮೊದಲು ಬರುವ ದಿನ ಹೊರಟರೆ ನಾಹಾ ಇರೋದು ಪಶ್ಚಿಮಕ್ಕೆ, ವಿಮಾನ ಹೋಗೋದು ದಕ್ಷಿಣಕ್ಕೆ. ಹತ್ತಿ, ಕಾಲು ಗಂಟೆಯಲ್ಲಿ ಇಳಿದು, ಅಲ್ಲಿ ಜನ ಹತ್ತಿ ಇಳಿಯೋವರೆಗೂ ಕಾದು, ಆಮೇಲೆ ನಾಹಾ ದಾರಿ. ಇನ್ನೊಂದು ದಿಕ್ಕಿನ ದಿನ ಹೊರಟರೆ ಹೋಗೋದು ನೇರ, ಆದರೆ ವಾಪಸ್ ಬರೋ ದಿನವೂ ಅದೇ ದಿಕ್ಕಾದರೆ ಬರುವಾಗ ಸುತ್ತು. ಡಾಕ್ಟರ್ ಸಿಗೋ ದಿನ ನೋಡಬೇಕು, ವಿಮಾನದ ದಿಕ್ಕಿನ ದಿನವನ್ನೂ ನೋಡಬೇಕು.

ಸುತ್ತು ದೊಡ್ಡ ಮಾತಲ್ಲ ಅನ್ನಬಹುದು. ಸೀಟಿನ ಲೆಕ್ಕ ನೋಡಿ. ನಾಹಾದಿಂದ 50 ಜನ ಹತ್ತಿದರು, ಅದರಲ್ಲಿ 30 ಜನ ದಕ್ಷಿಣಕ್ಕೆ, 20 ಜನ ಉತ್ತರಕ್ಕೆ. ದಕ್ಷಿಣದಲ್ಲಿ 30 ಜನ ಇಳಿದರು. ಅಲ್ಲಿಂದ ನಾಹಾಗೆ ಹೋಗೋರು ಹತ್ತೋದು 30 ಜನ ಮಾತ್ರ, ಯಾಕಂದ್ರೆ ಉತ್ತರದ 20 ಜನ ಇನ್ನೂ ಕೂತಿದ್ದಾರೆ. ಉತ್ತರಕ್ಕೆ ಬಂದಾಗ ಆ 20 ಇಳಿದರು, 20 ಹತ್ತಿದರು. ಅಂದರೆ ಎರಡು ಊರಿಗೆ ಸೇರಿ ಹೋಗೋಕೆ 50, ಬರೋಕೆ 50, ಅಷ್ಟೇ. ಹಬ್ಬ, ರಜೆ, ಸಕ್ಕರೆ ಕಾರ್ಖಾನೆಯ ಕಾಲ, ಮಕ್ಕಳು ಊರು ಬಿಡೋ ಮಾರ್ಚ್ ತಿಂಗಳು, ಆವಾಗ ಸೀಟಿಗೆ ಒದ್ದಾಟ. ಮಧ್ಯದ 13 ಕಿಲೋಮೀಟರ್‌ನಲ್ಲಿ ಕೂತಿರೋರಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗಬೇಕಾದವರೇ ಅಲ್ಲ, ಸುತ್ತು ಹಾಕುತ್ತಿರೋರು. ಒಂದು ದ್ವೀಪದ ಮೇಲೆ ಗಾಳಿ ಕೆಟ್ಟರೆ ಇನ್ನೊಂದರವರ ದಿನವೂ ಕೆಟ್ಟಿತು.

ವಿಮಾನಕ್ಕೂ ಇದು ಒಳ್ಳೇದಲ್ಲ. ಎಂಜಿನ್, ಚಕ್ರ, ಬ್ರೇಕು ಸವೆಯೋದು ಹಾರಿದ ಗಂಟೆಗಿಂತ ಏರಿ ಇಳಿದ ಲೆಕ್ಕಕ್ಕೆ. ಮುನ್ನೂರು ಚಿಲ್ಲರೆ ಕಿಲೋಮೀಟರ್‌ಗೆ ಒಂದು ಸಲ ಏರಿ ಇಳಿಯೋದೂ 13 ಕಿಲೋಮೀಟರ್‌ಗೆ ಏರಿ ಇಳಿಯೋದೂ ಚಕ್ರಕ್ಕೆ ಒಂದೇ.

ಆದರೂ ತ್ರಿಕೋನ ಇಷ್ಟು ವರ್ಷ ಇದ್ದದ್ದಕ್ಕೆ ಕಾರಣ ಇತ್ತು. ದೂರದ ಲೆಕ್ಕದಲ್ಲಿ ಅದೇ ಅಗ್ಗ. ಒಂದು ತ್ರಿಕೋನ ಅಂದರೆ 730 ಕಿಲೋಮೀಟರ್ ಚಿಲ್ಲರೆ. ಎರಡಕ್ಕೂ ಬೇರೆ ಬೇರೆ ಹೋಗಿ ಬಂದರೆ 1,440. ಹಾಗಾಗಿ ಇದನ್ನು ನಿಲ್ಲಿಸಿದ್ದನ್ನು 'ಖರ್ಚು ಉಳಿಸೋಕೆ ದ್ವೀಪದವರ ಹೊಟ್ಟೆ ಮೇಲೆ ಹೊಡೆದರು' ಅಂತ ಓದೋದು ತಪ್ಪು. 2024ರ ಆಗಸ್ಟ್‌ನಿಂದ ಎರಡೂ ದ್ವೀಪಕ್ಕೆ ನಾಹಾದಿಂದ ನೇರವಾಗಿ ಹೋಗಿ ನೇರವಾಗಿ ಬರುವ ವಿಮಾನ. ಉತ್ತರದವರಿಗೆ ಅವರದ್ದೇ 50 ಸೀಟು, ಸುತ್ತು ಇಲ್ಲ, ದಿಕ್ಕಿನ ಪಂಚಾಂಗ ನೋಡೋ ಹಾಗಿಲ್ಲ. ಸಣ್ಣ ಊರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ದುಡ್ಡು ಹೊಂದೋದು ಹೇಗೆ ಅಂದರೆ, ಒಂದೇ ಕಡೆಯಿಂದಲ್ಲ. ಒಕಿನಾವಾ ಮಾರ್ಗಗಳಿಗೆ ವಿಮಾನ ಇಂಧನದ ತೆರಿಗೆ ಕಡಿಮೆ. ದ್ವೀಪ ಮಾರ್ಗಗಳಿಗೆ ಲ್ಯಾಂಡಿಂಗ್ ಶುಲ್ಕದಲ್ಲಿ ರಿಯಾಯಿತಿ. ನಷ್ಟದ ಮಾರ್ಗಕ್ಕೆ ಕೇಂದ್ರ ಮತ್ತು ಪ್ರಾಂತ್ಯದ ನೆರವು. 2012ರಿಂದ ದ್ವೀಪದ ನಿವಾಸಿಗಳ ಟಿಕೆಟ್ ದರ ಇಳಿಸೋಕೆ ಬೇರೆಯೇ ಯೋಜನೆ. ಮುಖ್ಯವಾದ ವಿಷಯ, ಇದಕ್ಕೆ 'ಮೂರು ವರ್ಷದ ಮೇಲೆ ನಿಮ್ಮ ಪಾಡು ನಿಮಗೆ' ಅನ್ನೋ ಷರತ್ತಿಲ್ಲ. ಸಣ್ಣ ಊರುಗಳಿಗೆ ವಿಮಾನ ತರೋಕೆ ಅಂತ ಇರೋ ನಮ್ಮ ಕೇಂದ್ರದ ಉಡಾನ್ ಯೋಜನೆಯಲ್ಲಿ ಮಾರ್ಗಕ್ಕೆ ಸಹಾಯಧನ ಸಿಗೋದು ಮೂರು ವರ್ಷ. ಆಮೇಲೆ ಏನಾಗುತ್ತೆ ಅಂತ ಬೀದರ್‌ನವರನ್ನು ಕೇಳಿ. ಲಕ್ಷದ್ವೀಪದ ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್, ಎಟಿಆರ್-72 ಇಳಿದರೂ ಪೂರ್ತಿ ಸೀಟು ತುಂಬಿಕೊಂಡು ಏರೋದು ಕಷ್ಟ. ವರ್ಷಗಟ್ಟಲೆ ಅಲ್ಲಿಗೆ ಹೋಗುತ್ತಿದ್ದದ್ದು ಮೊದಲು ಏರ್ ಇಂಡಿಯಾ ಬಳಗದಲ್ಲಿದ್ದ ಅಲಯನ್ಸ್ ಏರ್ ಒಂದೇ. 2024ರ ಮಾರ್ಚ್ ಕೊನೆಗೆ ಬೆಂಗಳೂರಿನಿಂದ ಇಂಡಿಗೊ ಶುರುವಾದಾಗ ನಮ್ಮಲ್ಲಿ ಮಾತೆಲ್ಲ ಪ್ರವಾಸದ್ದೇ. ದ್ವೀಪದವರ ಹಾಲು, ಔಷಧಿ, ಮೀನು ಎಷ್ಟು ಹಿಡಿಸುತ್ತೆ ಅಂತ ಕೇಳಿದವರು ಕಡಿಮೆ.

ಇನ್ನು ಸಡಿಲವಾಗಿ ಉಳಿದ ಎಳೆ. ಆ 13 ಕಿಲೋಮೀಟರ್ ದಾಟಲೇಬೇಕಾದವರು ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಮದುವೆಯಾಗಿ ಆಚೆ ದ್ವೀಪಕ್ಕೆ ಹೋದವರು, ಎರಡೂ ಊರಿನ ಕೆಲಸ ನೋಡೋ ನೌಕರರು, ರಿಪೇರಿಯವರು, ಆಟೋಟಕ್ಕೆ ಹೋಗೋ ಮಕ್ಕಳು. ಅವರಿಗೆ ಈಗ ಎರಡೇ ದಾರಿ. ಒಂದೋ ಹಡಗು ಮತ್ತು ಆ ಪಂಜರ. ಇಲ್ಲವೇ ನಾಹಾಗೆ 360 ಕಿಲೋಮೀಟರ್ ಹೋಗಿ, ಅಲ್ಲಿಂದ ಮತ್ತೆ 360 ಕಿಲೋಮೀಟರ್ ವಾಪಸ್ ಬಂದು, ಕಣ್ಣಿಗೆ ಕಾಣೋ ಪಕ್ಕದ ದ್ವೀಪದಲ್ಲಿ ಇಳಿಯೋದು. ಟಿಕೆಟ್ ಎರಡು, ಹೊತ್ತು ಕೂಡಿಬರದಿದ್ದರೆ ನಾಹಾದಲ್ಲಿ ರಾತ್ರಿ ಉಳಿಯೋ ಖರ್ಚು ಬೇರೆ.

ಈ ಖರ್ಚನ್ನು ಕಂಪನಿಯ ತಲೆಗೆ ಕಟ್ಟೋದು ನ್ಯಾಯ ಅಲ್ಲ. ದಿನಾ ತ್ರಿಕೋನ ಹಾರಿಸಿ, ಕೆಲವೇ ಜನರ ಸಲುವಾಗಿ ಮಿಕ್ಕವರೆಲ್ಲ ಸುತ್ತು ಹಾಕೋದೂ ಸರಿಯಲ್ಲ. ತಿಂಗಳಿಗೆ ಒಂದೆರಡು ನಿಗದಿತ ದಿನ ಮಾತ್ರ ತ್ರಿಕೋನ ಹಾರಿಸಿ, ಅದರ ಹೆಚ್ಚುವರಿ ಖರ್ಚನ್ನು ಪ್ರಾಂತ್ಯ ಕೊಡಬಹುದು. ಅದೂ ಬೇಡ ಅಂದರೆ ಪಕ್ಕದ ದ್ವೀಪಕ್ಕೆ ನಾಹಾ ಮೂಲಕ ಹೋಗೋ ನಿವಾಸಿಗೆ ಎರಡು ಟಿಕೆಟ್ ಬದಲು ಒಂದರ ದರ ಮಾಡಬಹುದು. ನಿವಾಸಿ ದರದ ಯೋಜನೆ ಆಗಲೇ ಇದೆ, ಅದಕ್ಕೇ ಇದನ್ನು ಸೇರಿಸಿದರಾಯಿತು. ಪ್ರಾಂತ್ಯ ಸರ್ಕಾರ ಈ ಕಂಪನಿಯಲ್ಲಿ ಪಾಲುದಾರ ಅಂತ ಮೇಲೆ ಹೇಳಿದ್ದೆ. ಹೊರಗೆ ನಿಂತು ಮನವಿ ಕೊಡಬೇಕಾದ ಪರಿಸ್ಥಿತಿ ಅದಕ್ಕಿಲ್ಲ, ಒಳಗೆ ಕೂತೇ ಕೇಳಬಹುದು.